ನರಕದ ಭಯಕ್ಕೆ ಅರ್ಥ ಇದೆಯಾ?

ಅಪ್ಪ ತೀರಿಕೊಂಡಾಗ ಮನೆಯಲ್ಲಿ ಗರುಡ ಪುರಾಣ ಓದಿಸಿದರು, ಅಂದಿನಿಂದ ನರಕದ ಭಯಕ್ಕೆ ನಿದ್ದೆ ಇಲ್ಲ, ಈ ಭಯಕ್ಕೆ ಅರ್ಥ ಇದೆಯಾ ಎಂದು ಕೇಳಿದ್ದೀರಿ.

ನೋಡ್ರಿ, ನರಕ ಇದೆ ಎಂದು ನಂಬಿದವರು ಹೆದರುವುದು ಸಹಜ. ಹಿತ್ತಲಲ್ಲಿ ಹಾವಿದೆ ಅಂದರೆ ಕತ್ತಲಲ್ಲಿ ಕಾಲಿಡಲು ಹೆದರುತ್ತೇವಲ್ವಾ, ಹಾಗೆ. ಆದರೆ ಆ ನಂಬಿಕೆಗೆ ಆಧಾರ ಏನು? ನಮ್ಮಲ್ಲಿ ಕುಂಭೀಪಾಕ ಅನ್ನೋ ನರಕದ ಕುದಿಯುವ ಎಣ್ಣೆ, ಬೇರೆ ಧರ್ಮಗಳಲ್ಲಿ ಬೇರೆ ಬೆಂಕಿ. ನಾವು ಯಾವುದಕ್ಕೆ ಹೆದರುತ್ತೇವೆ ಅನ್ನೋದನ್ನು ಹುಟ್ಟಿದ ಮನೆ ತೀರ್ಮಾನಿಸಿರುತ್ತದೆ. ಅದನ್ನು ವಿಚಾರ ಅನ್ನೋಕೆ ನನಗೆ ಮನಸ್ಸಿಲ್ಲ.

ಚಿಕ್ಕವನಿದ್ದಾಗ ನನಗೂ ಹೀಗೇ ಆಗಿತ್ತು. ನಮ್ಮದು ಬಾಗಲಕೋಟೆ ಕಡೆ ಹಳ್ಳಿ. ಅಜ್ಜಿ ರೊಟ್ಟಿ ಬಡಿಯುತ್ತಿದ್ದಳು, ಒಲೆಯ ಉರಿ ನೋಡಿ ನಾನು ಅತ್ತುಬಿಟ್ಟೆ. ಜೋಳದ ಹಿಟ್ಟಿನ ಕೈಯಲ್ಲೇ ಕೆನ್ನೆ ಒರೆಸಿ, "ಆಚಾರವೇ ಸ್ವರ್ಗ, ಅನಾಚಾರವೇ ನರಕ" ಅಂದಳು. ಅದು ಬಸವಣ್ಣನವರ ವಚನದ ಸಾಲು. 12ನೇ ಶತಮಾನದಲ್ಲೇ ಅವರು ನರಕವನ್ನು ಸತ್ತ ಮೇಲಿನ ಊರಿನಿಂದ ನಮ್ಮ ನಡತೆಯೊಳಗೆ ತಂದಿಟ್ಟರು. ಅವತ್ತು ರಾತ್ರಿ ನಾನು ಮಲಗಿದೆ.

ನಿಮ್ಮನ್ನು ಕಾಡುತ್ತಿರುವುದು ನರಕಕ್ಕಿಂತ ಜಾಸ್ತಿ ಅಪ್ಪ ಇಲ್ಲದ ಮನೆ ಅನಿಸುತ್ತದೆ. ಅವ್ವನ ಹತ್ತಿರ ಕೂತು ಅಪ್ಪನ ಸುದ್ದಿ ಮಾತಾಡಿ. ಆಮೇಲೂ ನಿದ್ದೆ ಬರದಿದ್ದರೆ ಸುಮ್ನೆ ಸಹಿಸಿಕೊಂಡು ಕೂರಬೇಡಿ, ಡಾಕ್ಟರಿಗೆ ತೋರಿಸಿ.