ನಾಯಿಮರಿಯ ಕೂದಲು ಉದುರುತ್ತಿದೆಯೇ? ಮೊದಲು ಆಯಿಲ್ ಡಬ್ಬಿ ಆಚೆ ಇಡಿ

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಮರಿಗೆ ಆರು ತಿಂಗಳು. ಕಣ್ಣಿನ ಸುತ್ತ, ಮುಂಗಾಲಿನ ಮೇಲೆ ಕೂದಲು ಉದುರಿ ಬಿಲ್ಲೆ ಬಿಲ್ಲೆ ಆಗಿದೆ. ಅಷ್ಟೇನೂ ಕೆರೆದುಕೊಳ್ಳುವುದಿಲ್ಲ. ತೋಟದ ರೈಟರ್ ಹೇಳಿದರೆಂದು ಗಾಡಿಯ ವೇಸ್ಟ್ ಆಯಿಲ್‌ಗೆ ಗಂಧಕ ಕಲಸಿ ಹಚ್ಚಿದೆವು. ಈಗ ಚರ್ಮ ಕೆಂಪಾಗಿದೆ.
– ಓದುಗರು, ಮೂಡಿಗೆರೆ

ಉತ್ತರ: ಮಳೆಗಾಲ ಬಂತೆಂದರೆ ಈ ವೇಸ್ಟ್ ಆಯಿಲ್ ಪ್ರಶ್ನೆಯೂ ಬರುತ್ತದೆ. ಇಂಜಿನ್‌ನಲ್ಲಿ ಸುಟ್ಟ ಎಣ್ಣೆ ಔಷಧಿ ಹೇಗಾಗುತ್ತದೆ ಸ್ವಾಮಿ? ಅದು ಚರ್ಮ ಸುಡುತ್ತದೆ. ಮರಿ ನೆಕ್ಕಿದರೆ ವಿಷ ಹೊಟ್ಟೆಗೂ ಹೋಗುತ್ತದೆ. ಇವತ್ತೇ ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ಹಾಕಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದುಬಿಡಿ. ಎಣ್ಣೆ ಬಿಡಿಸಲು ಸೀಮೆಎಣ್ಣೆ ಬಳಸಿ ಇನ್ನೊಂದು ಕೆಲಸ ಹಚ್ಚಬೇಡಿ.

ಕೆರೆತ ಕಡಿಮೆ ಎಂದು ಬರೆದಿದ್ದೀರಿ. ಒಳ್ಳೆಯದು, ಇದನ್ನು ಯಾರೂ ಹೇಳುವುದೇ ಇಲ್ಲ. ಈ ವಯಸ್ಸು, ಈ ಜಾಗ, ತುರಿಕೆ ಇಲ್ಲ ಎಂದರೆ ನನ್ನ ಮೊದಲ ಅನುಮಾನ ಡೆಮೊಡೆಕ್ಸ್ ಎಂಬ ಕಜ್ಜಿ ಹುಳದ ಮೇಲೆ. ಹುಟ್ಟಿದ ಮೊದಲ ಎರಡು ಮೂರು ದಿನ ಹಾಲು ಕುಡಿಯುವಾಗ ತಾಯಿಯಿಂದ ಮರಿಗೆ ಬರುತ್ತದೆ. ಆರೋಗ್ಯವಾಗಿರುವ ನಾಯಿಯ ಮೈಮೇಲೂ ಒಂದಿಷ್ಟು ಇದ್ದೇ ಇರುತ್ತದೆ. ಮರಿಯ ರೋಗನಿರೋಧಕ ಶಕ್ತಿ ಇನ್ನೂ ಬಲಿತಿರದಿದ್ದಾಗ ಹುಳ ಮಿತಿಮೀರಿ, ಕೂದಲಿನ ಬುಡ ಕೆಡುತ್ತದೆ. ನಿಮಗಾಗಲಿ ಮಕ್ಕಳಿಗಾಗಲಿ ಇದು ಅಂಟುವುದಿಲ್ಲ. ಮರಿಯನ್ನು ಕೊಟ್ಟಿಗೆಗೆ ಅಟ್ಟಬೇಡಿ.

ಕಿವಿಯಂಚು, ಮೊಣಕೈ ಹತ್ತಿರ ರಾತ್ರಿಯೆಲ್ಲ ಹುಚ್ಚು ಹಿಡಿದಂತೆ ಕೆರೆಯುತ್ತಿದ್ದರೆ ಕಥೆ ಬೇರೆ. ಅದು ಸಾರ್ಕಾಪ್ಟಿಸ್ ಎಂಬ ಇನ್ನೊಂದು ಕಜ್ಜಿ ಹುಳ ಇರಬಹುದು, ಮನೆಯವರಿಗೂ ತುರಿಕೆ ಹತ್ತಿಸುತ್ತದೆ. ಬಾಲದ ಬುಡದಲ್ಲಿ ಬೋಳಾದರೆ ಚಿಗಟ ಹುಡುಕಿ.

ಇವನ್ನೆಲ್ಲ ಕಣ್ಣಲ್ಲಿ ನೋಡಿ ಹೇಳಲು ಆಗುವುದಿಲ್ಲ. ಚರ್ಮ ಹಿಂಡಿ, ಸ್ವಲ್ಪ ರಕ್ತ ಜಿನುಗುವವರೆಗೆ ಬ್ಲೇಡಿನಿಂದ ಕೆರೆದು, ಮೈಕ್ರೋಸ್ಕೋಪ್ ಅಡಿ ನೋಡಬೇಕು. ಕೆಲವೇ ನಿಮಿಷದ ಕೆಲಸ. ಹತ್ತಿರ ಸೌಲಭ್ಯ ಇಲ್ಲದಿದ್ದರೆ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋಗಿ. ಕೆರೆದು ನೋಡದೆ 'ಅಲರ್ಜಿ' ಎಂದು ಸ್ಟೀರಾಯ್ಡ್ ಚುಚ್ಚುವವರಿಂದ ದೂರ ಇರಿ. ನಾಲ್ಕು ದಿನ ಕೆಂಪು ಇಳಿಯುತ್ತದೆ, ಡಾಕ್ಟರ್ ಕೈಗುಣ ಎಂದು ನೀವೂ ಹೊಗಳುತ್ತೀರಿ. ಒಳಗೆ ಮರಿಯ ಶಕ್ತಿ ಕುಗ್ಗಿ, ಎರಡು ಬಿಲ್ಲೆ ಇದ್ದದ್ದು ಮೈಯೆಲ್ಲ ಹರಡುತ್ತದೆ.

ನಾಲ್ಕಾರು ಬಿಲ್ಲೆ ಮಾತ್ರ ಇದ್ದರೆ ಹೆಚ್ಚಿನ ಮರಿಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಜಂತುಹುಳದ ಔಷಧಿ, ಸರಿಯಾದ ಊಟ, ಒಣ ಜಾಗ ಕೊಟ್ಟು ನಾನು ಸುಮ್ನೆ ಕಾಯುತ್ತೇನೆ. ಹರಡಿದರೆ ಫ್ಲುರಾಲಾನರ್, ಅಫೊಕ್ಸೊಲಾನರ್ ಥರದ ಮಾತ್ರೆಗಳಿವೆ. ಮರಿಗೆ ಯಾವತ್ತಾದರೂ ಫಿಟ್ಸ್ ಬಂದಿದ್ದರೆ ಮೊದಲೇ ಹೇಳಿ. ಕೂದಲು ಬಂತೆಂದು ಔಷಧಿ ನಿಲ್ಲಿಸಬೇಡಿ. ತಿಂಗಳ ಅಂತರದಲ್ಲಿ ಎರಡು ಸಲ ಕೆರೆದು ನೋಡಿದಾಗಲೂ ಹುಳ ಸಿಗಬಾರದು. ಮೈಯೆಲ್ಲ ಹರಡಿದ ನಾಯಿಯಿಂದ ಮರಿ ಮಾಡಿಸಲೇಬೇಡಿ.

ಪ್ರಶ್ನೆ: ದನಕ್ಕೆ ತಂದ ಐವರ್‌ಮೆಕ್ಟಿನ್ ಉಳಿದಿದೆ. ನಾಯಿಗೆ ಎಷ್ಟು ಕೊಡಲಿ? – ಅರಸೀಕೆರೆ

ಉತ್ತರ: ಕೊಡಬೇಡಿ. ಕಾಲಿ (Collie) ಎಂಬ ಕುರಿ ಕಾಯುವ ಜಾತಿಯ ನಾಯಿಗಳಲ್ಲಿ ಇದು ಮೆದುಳಿಗೇ ಹೋಗಿ ಪ್ರಾಣ ತೆಗೆಯಬಹುದು. ನಿಮ್ಮ ನಾಯಿಯಲ್ಲಿ ಯಾವ ಬೆರಕೆ ಇದೆಯೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಪ್ರಶ್ನೆ: ಹಸಿ ಮೊಟ್ಟೆ ಕೊಟ್ಟರೆ ಕೂದಲು ಬರುತ್ತದಾ? – ಕಡೂರು

ಉತ್ತರ: ಇಲ್ಲ. ಬೇಯಿಸಿ ಕೊಡಿ, ಊಟ ಅಂತ.

ಪ್ರಶ್ನೆ: ಫೋಟೊ ಕಳಿಸಿದ್ದೇನೆ, ಮಾತ್ರೆ ಹೆಸರು ಹೇಳಿ ಸಾರ್. – ಸಕಲೇಶಪುರ

ಉತ್ತರ: ಹೇಳುವುದಿಲ್ಲ.

ಪ್ರಶ್ನೆ: ಮರಿಯ ಮುಖದ ಮೇಲೆ ದುಂಡಗೆ ಕೂದಲು ಹೋಗಿದೆ. ಮಗಳ ಕೈಮೇಲೂ ದುಂಡನೆಯ ಕೆಂಪು ಗುರುತು ಎದ್ದಿದೆ. – ಬೇಲೂರು

ಉತ್ತರ: ಹುಳುಕಡ್ಡಿ ಇರಬಹುದು. ಹೆಸರಿಗೆ ಹುಳು, ಆದರೆ ಇದು ಶಿಲೀಂಧ್ರ. ನಾಯಿಯಿಂದ ಮನುಷ್ಯರಿಗೆ ಹರಡುತ್ತದೆ. ಮಗಳನ್ನು ಚರ್ಮದ ಡಾಕ್ಟರಿಗೆ, ಮರಿಯನ್ನು ಪಶುವೈದ್ಯರಿಗೆ ಒಟ್ಟಿಗೇ ತೋರಿಸಿ. ಅಲ್ಲಿಯವರೆಗೆ ಮರಿ ಹಾಸಿಗೆ ಹತ್ತದಿರಲಿ. ಅದು ಮಲಗುವ ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು, ಉದುರಿದ ಕೂದಲನ್ನು ದಿನವೂ ತೆಗೆಯಿರಿ. ಒಬ್ಬರಿಗಷ್ಟೇ ಔಷಧಿ ಮಾಡಿದರೆ ಇನ್ನೊಬ್ಬರಿಂದ ಮತ್ತೆ ಹತ್ತುತ್ತದೆ.