ಬೈಕು ಬೀಳಿಸಿದ್ದಕ್ಕೆ ಗುಂಪಿನವರೆಲ್ಲ ಕಾಲೆಳೆಯುತ್ತಿದ್ದಾರೆ. ತಮಾಷೆ ಅಂದುಕೊಂಡು ಸುಮ್ಮನಿರಲಾ, ಗುಂಪು ಬಿಡಲಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಅಡ್ವೆಂಚರ್ ಬೈಕಿನವರ ಗುಂಪು ಸೇರಿದ ಮೇಲೆ ಇದು ನಿಮ್ಮ ಮೊದಲ ದೂರದ ರೈಡು. ಜಲ್ಲಿಕಲ್ಲಿನ ಇಳಿಜಾರಿನಲ್ಲಿ ಎರಡು ಸಲ ಬೈಕು ಮಲಗಿಸಿದಿರಿ. ಎತ್ತೋಕೆ ಮುಂಚೆ ಅವರು ಫೋಟೋ ತೆಗೆದರು. ವಾಪಸ್ ಬಂದು ಎಲ್ಲರೂ ಸೇರಿದ ದಿನ ಎರಡು ಗಂಟೆ ನಿಮ್ಮದೇ ಕಥೆ. ಕ್ಲಚ್ ಲಿವರ್ ಮುರಿದದ್ದು, ಗುಂಪಿನ ಹಿರಿಯರೊಬ್ಬರು ತಮ್ಮ ಬ್ಯಾಗಿನಿಂದ ಒಂದು ತೆಗೆದು ಹಾಕಿಕೊಟ್ಟದ್ದು, ಇದನ್ನು ಮಾತ್ರ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಆ ಸಾಲಿಗೆ ಆಮೇಲೆ ಬರ್ತೀನಿ.

ಮೊದಲು ಉತ್ತರ ಹೇಳೋಕೆ ನನಗಿರುವ ಅರ್ಹತೆ. ನಮ್ಮ ಗುಂಪಿನಲ್ಲಿ ನನ್ನ ಹೆಸರು ಭಗೀರಥ. ಒಂಬತ್ತು ವರ್ಷದಿಂದ ಅದೇ ಹೆಸರು, ನನ್ನ ನಿಜವಾದ ಹೆಸರು ಅರ್ಧ ಜನಕ್ಕೆ ಗೊತ್ತೇ ಇಲ್ಲ.

ಅವತ್ತು ಒಂದು ಹಳ್ಳ ದಾಟಬೇಕಿತ್ತು. ಮೊಣಕಾಲಿನಷ್ಟು ನೀರು. ಲೀಡ್ ಮಾಡ್ತಿದ್ದವರು ಬೈಕು ನಿಲ್ಲಿಸಿ, ಬೂಟಿನ ಸಮೇತ ನೀರಿಗಿಳಿದು ಆ ಕಡೆಯವರೆಗೂ ನಡೆದು ನೋಡಿ ಬಂದರು. ಎಲ್ಲಿ ಹೋಗಬೇಕು ಅಂತ ಕೈ ತೋರಿಸಿ ಹೇಳಿದರು. ನಾನು ತಲೆ ಆಡಿಸಿದೆ, ಕೇಳಿಸಿಕೊಳ್ಳಲಿಲ್ಲ. ಅರ್ಧ ದಾರಿಯಲ್ಲಿ ಭಯವಾಗಿ ಆಕ್ಸಿಲೇಟರ್ ಬಿಟ್ಟೆ, ಮುಂದಿನ ಚಕ್ರ ಒಂದು ಗುಂಡುಕಲ್ಲು ಹತ್ತಿ ಜಾರಿತು, ಬೈಕು ಬಲಕ್ಕೆ ಬಿತ್ತು, ಎಂಜಿನ್ನಿಗೆ ಗಾಳಿ ಒಯ್ಯುವ ಏರ್‌ಬಾಕ್ಸ್ ನೀರು ಕುಡೀತು, ಎಂಜಿನ್ ನಿಂತಿತು. ಗಾಬರಿಯಲ್ಲಿ ನಾನು ಮಾಡಿದ ಮೊದಲ ಕೆಲಸ ಸೆಲ್ಫ್ ಒತ್ತಿದ್ದು. ಟಕ್ ಅಂತ ಒಂದೇ ಶಬ್ದ. ದಡದಿಂದ ಮೂರು ಜನ ಒಟ್ಟಿಗೆ ಕಿರುಚಿದರು: "ಸೆಲ್ಫ್ ಮುಟ್ಟಬೇಡ್ವೋ!"

ಯಾಕೆ ಅಂತ ಆಮೇಲೆ ತಿಳೀತು. ಸಿಲಿಂಡರಿನೊಳಗೆ ಗಾಳಿ ಇದ್ದರೆ ಪಿಸ್ಟನ್ ಅದನ್ನು ಹಿಂಡುತ್ತೆ. ನೀರನ್ನು ಹಿಂಡಲು ಆಗಲ್ಲ. ಜೋರು ಮಾಡಿದರೆ ಬಾಗುವುದು ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡು. ನಾಲ್ಕು ಜನ ಸೇರಿ ಬೈಕನ್ನು ದಡಕ್ಕೆ ಎಳೆದರು, ಸ್ಪಾರ್ಕ್ ಪ್ಲಗ್ ಬಿಚ್ಚಿದರು, "ಈಗ ಒತ್ತು" ಅಂದರು. ಒತ್ತಿದೆ. ಪ್ಲಗ್ಗಿನ ತೂತಿನಿಂದ ಪಿಚಕಾರಿಯ ಹಾಗೆ ನೀರು ಚಿಮ್ಮಿ, ಬಗ್ಗಿ ನೋಡುತ್ತಿದ್ದ ಒಬ್ಬರ ಮುಖಕ್ಕೆ ಸರಿಯಾಗಿ ಬಡಿಯಿತು. ಅವರು ಕನ್ನಡಕ ಒರೆಸಿಕೊಳ್ಳುತ್ತಾ, "ಎಷ್ಟು ವರ್ಷ ತಪಸ್ಸು ಮಾಡಿದ್ಯಪ್ಪಾ ಗಂಗೆ ತರೋಕೆ?" ಅಂದರು. ಮುಗೀತು ಅಲ್ಲಿಗೆ. ಏರ್ ಫಿಲ್ಟರ್ ಹಿಂಡಿ ಒಣಗಿಸಿ, ಎಂಜಿನ್ ಆಯಿಲ್ ಬೆಳ್ಳಗೆ ಮಡ್ಡಿಯಾಗಿಲ್ಲ ಅಂತ ಖಾತ್ರಿ ಮಾಡಿಕೊಂಡು ಹೊರಟಾಗ ಎರಡೂವರೆ ಗಂಟೆ ಕಳೆದಿತ್ತು. ಅಷ್ಟೂ ಹೊತ್ತು ಒಬ್ಬರೂ ಗೊಣಗಲಿಲ್ಲ. ನಗುತ್ತಿದ್ದರು, ಅದು ಬೇರೆ ಮಾತು.

ಆ ಕಥೆ ಪ್ರತಿ ಸಲ ಸೇರಿದಾಗಲೂ ಬರುತ್ತೆ. ಮೊಣಕಾಲಿನಷ್ಟಿದ್ದ ನೀರು ಈಗ ಎದೆಮಟ್ಟಕ್ಕೆ ಬಂದಿದೆ. ಹೊಸ ಹುಡುಗನೊಬ್ಬ ಕಥೆ ಕೇಳಿ "ಮೊಸಳೆ ಇತ್ತಾ ಅಣ್ಣಾ?" ಅಂತ ಕೇಳಿದ, ಯಾರೂ ಇಲ್ಲ ಅನ್ನಲಿಲ್ಲ. ಆದರೆ ಅದೇ ಹುಡುಗ ಹೋದ ವರ್ಷ ನೀರಿನಲ್ಲಿ ಬೈಕು ಬೀಳಿಸಿದಾಗ ಮೊದಲು ಮಾಡಿದ್ದು ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಒತ್ತಿ ಎರಡೂ ಕೈ ಮೇಲೆತ್ತಿದ್ದು. "ಸೆಲ್ಫ್ ಮುಟ್ಟಿಲ್ಲ! ಮುಟ್ಟಿಲ್ಲ!" ಅಂತ ಕೂಗುತ್ತಿದ್ದ. ಯಾವ ಪಾಠ ಮಾಡಿದ್ದರೂ ಅವನಿಗೆ ಅಷ್ಟು ಚೆನ್ನಾಗಿ ನೆನಪಿರುತ್ತಿರಲಿಲ್ಲ. ನನ್ನ ಮಾನದ ಖರ್ಚಿನಲ್ಲಿ ಒಂದು ಎಂಜಿನ್ ಉಳೀತು.

ನಿಮ್ಮನ್ನು ಕಾಡುತ್ತಿರುವ ಆ ಎರಡು ಗಂಟೆಯನ್ನು ಸ್ವಲ್ಪ ಕಿವಿಗೊಟ್ಟು ನೆನಪಿಸಿಕೊಳ್ಳಿ. ನಮ್ಮಲ್ಲಿ ಅದು ಹೀಗಿರುತ್ತೆ:

"ಬಿದ್ದಾಗ ಸ್ಪೀಡ್ ಎಷ್ಟಿತ್ತು?"

"ಒಂದು... ನಲವತ್ತಿರಬಹುದು."

"ಲೇ, ನಿನ್ನ ಹಿಂದೇನೇ ಇದ್ದೆ ನಾನು. ನಿಂತಿದ್ದೆ ನೀನು. ನಿಂತಲ್ಲೇ ಒರಗಿದೆ."

"ಬೈಕಿಗೆ ಸುಸ್ತಾಗಿತ್ತು ಗುರು, ಮಲಗಿಸಿದೆ."

"ಕಾಲು ಯಾವ ಕಡೆ ಕೊಟ್ಟೆ?"

"ಎಡಕ್ಕೆ."

"ಎಡಗಡೆ ತಗ್ಗು ಅಲ್ವೇನೋ. ಅಲ್ಲಿ ನೆಲ ಎಲ್ಲಿ ಸಿಗುತ್ತೆ ನಿನಗೆ? ದಿಬ್ಬದ ಕಡೆ ಕಾಲು ಕೊಡಬೇಕು."

ನಗುವಿನ ಮಧ್ಯೆ ಬಂದ ಕೊನೆಯ ಆ ಮಾತನ್ನು ಗಮನಿಸಿ. ಈ ಬೈಕುಗಳು ಎತ್ತರ, ಭಾರ ಬೇರೆ. ಹಿಮಾಲಯನ್ 450 ಅಂದರೆ 196 ಕೆಜಿ, ಬಿಎಂಡಬ್ಲ್ಯು ಆರ್ 1250 ಜಿಎಸ್ 249 ಕೆಜಿ, ಅದರ ಮೇಲೆ ಪ್ಯಾನಿಯರ್ (ಬೈಕಿನ ಪಕ್ಕದ ಪೆಟ್ಟಿಗೆ) ತುಂಬ ಸಾಮಾನು. ಕಾಲಿಗೆ ನೆಲ ಒಂದು ಗೇಣು ತಪ್ಪಿದರೆ ಯಾವ ಜಟ್ಟಿಯೂ ಹಿಡಿದು ನಿಲ್ಲಿಸಲಾರ. ನಾನು ನೋಡಿದ ಮಟ್ಟಿಗೆ ಓಡುವಾಗ ಬೀಳುವವರಿಗಿಂತ ನಿಲ್ಲಿಸುವಾಗ ಬೀಳುವವರೇ ಜಾಸ್ತಿ.

ಅಂದ ಹಾಗೆ, ದಾರಿ ತಪ್ಪುವವರಿಗೂ ನಮ್ಮಲ್ಲಿ ಒಂದು ಬಿರುದಿದೆ: ಸಬೀನ್. ತಿಯರಿ ಸಬೀನ್ ಎಂಬ ಫ್ರೆಂಚ್ ಸವಾರ 1977ರ ಅಬಿಜಾನ್–ನೀಸ್ ರ‍್ಯಾಲಿಯಲ್ಲಿ ಬೈಕಿನ ಸಮೇತ ಲಿಬಿಯಾದ ಮರುಭೂಮಿಯಲ್ಲಿ ಕಳೆದುಹೋಗಿ, ಹೇಗೋ ಬದುಕಿ ಬಂದ. ಬಂದವನು ಸುಮ್ಮನಿರದೆ, ಮರುಭೂಮಿ ದಾಟುವ ಹೊಸದೊಂದು ರ‍್ಯಾಲಿಯನ್ನೇ ಶುರುಮಾಡಿದ. 1978ರ ಡಿಸೆಂಬರ್ 26ರಂದು ಪ್ಯಾರಿಸ್‌ನಿಂದ ಆಫ್ರಿಕಾದ ಡಕಾರ್‌ಗೆ ಹೊರಟ ಮೊದಲ ರ‍್ಯಾಲಿ ಅದು. ಇವತ್ತಿಗೂ ಡಕಾರ್ ಅಂದರೆ ನಮ್ಮವರ ಕಣ್ಣು ಅರಳುತ್ತೆ. ಅದರ ಬುಡದಲ್ಲಿರುವುದು ಒಬ್ಬ ದಾರಿ ತಪ್ಪಿದ್ದು. ಹಾಗಾಗಿ ಜಿಪಿಎಸ್ ಇಟ್ಟುಕೊಂಡೂ ಯಾರದ್ದೋ ತೋಟಕ್ಕೆ ಕರೆದೊಯ್ದ ನಮ್ಮ ಗೆಳೆಯ ಆ ಬಿರುದನ್ನು ಹೆಮ್ಮೆಯಿಂದಲೇ ಇಟ್ಟುಕೊಂಡಿದ್ದಾನೆ.

ಕಥೆ ಊದಿಸುವುದನ್ನೂ ತಪ್ಪು ತಿಳಿಯಬೇಡಿ. ಲಡಾಖಿನ ಖರ್ದುಂಗ್ ಲಾ ಕಣಿವೆಮಾರ್ಗದ ಬೋರ್ಡೇ 18,380 ಅಡಿ, ಅಂದರೆ ಸುಮಾರು 5,602 ಮೀಟರ್ ಅಂತ ಹೇಳಿಕೊಂಡು ನಿಂತಿತ್ತು, ಜಿಪಿಎಸ್ ಹಿಡಿದು ಅಳೆದರೆ 5,359. ಬೋರ್ಡೇ 243 ಮೀಟರ್ ಸುಳ್ಳು ಹೇಳುವಾಗ ನಿಮ್ಮ ಗೆಳೆಯರು ಎರಡು ಸಲ ಬಿದ್ದದ್ದನ್ನು ಐದು ಸಲ ಅಂದರೆ ಏನಾಯ್ತು.

ಫೋಟೋ ವಿಷಯ. ಇಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಮೊದಲು ಮನುಷ್ಯ, ಆಮೇಲೆ ಕಿಲ್ ಸ್ವಿಚ್ಚು, ಆಮೇಲೆ ಫೋಟೋ. ನಿಮ್ಮ ಕಾಲು ಬೈಕಿನಡಿ ಸಿಕ್ಕಿಕೊಂಡಿದ್ದಾಗ ಫೋಟೋ ತೆಗೆದಿದ್ದರೆ ಯೋಚನೆ ಮಾಡಬೇಡಿ, ಇವತ್ತೇ ಆ ಗುಂಪು ಬಿಡಿ. ನೀವು ಎದ್ದು ನಿಂತು, "ಏನೂ ಆಗಿಲ್ಲ" ಅಂದ ಮೇಲೆ ತೆಗೆದಿದ್ದರೆ ಅದು ಎಲ್ಲ ಗುಂಪಿನಲ್ಲೂ ನಡೆಯುವುದೇ. ಒಂದು ಉಪಯೋಗವೂ ಇದೆ. ಬಿದ್ದ ತಕ್ಷಣ ನಾಚಿಕೆಯಲ್ಲಿ ದಡಬಡ ಎತ್ತೋಕೆ ಹೋಗಿ ಬೆನ್ನು ಹಿಡಿಸಿಕೊಂಡವರನ್ನು ನೋಡಿದ್ದೀನಿ. ಫೋಟೋದ ನೆಪದಲ್ಲಿ ಅರ್ಧ ನಿಮಿಷ ನಿಂತರೆ ಉಸಿರು ಹತೋಟಿಗೆ ಬರುತ್ತೆ, ಬುದ್ಧಿಯೂ ಬರುತ್ತೆ: ಗೇರಿನಲ್ಲಿದೆಯಾ, ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ತೆಗೆದಿಟ್ಟಿದೆಯಾ, ಹ್ಯಾಂಡಲ್ ಪೂರ್ತಿ ತಿರುಗಿಸಿದೆಯಾ. ಆಮೇಲೆ ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಸಣ್ಣ ಹೆಜ್ಜೆ ಹಿಂದಿಡುತ್ತಾ ಕಾಲಿನ ಬಲದಲ್ಲಿ ಏಳಬೇಕು. ಸೊಂಟದಿಂದ ಎತ್ತಬಾರದು.

ಈಗ ನನಗೆ ಇಷ್ಟವಿಲ್ಲದ ಭಾಗ. ಎಲ್ಲ ತಮಾಷೆಯೂ ಒಳ್ಳೆಯದಲ್ಲ ಅಂತ ನಾನು ಕಲಿತದ್ದು ನನ್ನದೇ ಬಾಯಿಂದ. ನಮ್ಮ ಜೊತೆ ಬರುತ್ತಿದ್ದ ಒಬ್ಬರು ಒಂದು ಸಲ ಕಡಿದಾದ ಇಳಿಜಾರು ನೋಡಿ, "ನನ್ನ ಕೈಲಾಗಲ್ಲ, ಸುತ್ತಿಕೊಂಡು ಬರ್ತೀನಿ" ಅಂತ ವಾಪಸ್ ತಿರುಗಿದರು. ಸರಿಯಾದ ನಿರ್ಧಾರ. ಸಂಜೆ ಎಲ್ಲರೆದುರು ನಾನು, "ಏನ್ ಸಾರ್, ರಿವರ್ಸ್ ಗೇರ್ ಹಾಕಿಸಿಕೊಂಡಿದ್ದೀರಂತೆ?" ಅಂದೆ. ಎಲ್ಲರೂ ನಕ್ಕರು, ಅವರೂ ನಕ್ಕರು. ಮುಂದಿನ ರೈಡಿನಲ್ಲಿ ಅದಕ್ಕಿಂತ ಕೆಟ್ಟ ಇಳಿಜಾರು ಬಂತು. ಅವರು ಒಂದು ಕ್ಷಣ ನಿಂತು ನನ್ನ ಕಡೆ ನೋಡಿದರು. ಆಮೇಲೆ ಇಳಿದರು. ಕಾಲರ್ ಬೋನ್ ಮುರಿದು ಆರು ವಾರ ಕೈ ಜೋಲಿಯಲ್ಲಿತ್ತು. ನಿನ್ನಿಂದಾಯ್ತು ಅಂತ ಅವರು ಯಾವತ್ತೂ ಹೇಳಲಿಲ್ಲ. ಆ ನೋಟ ಮಾತ್ರ ನನಗೆ ಇನ್ನೂ ಹೋಗಿಲ್ಲ.

ಅವತ್ತಿಂದ ನಮ್ಮಲ್ಲಿ ಬಿದ್ದವನನ್ನು ಎಷ್ಟು ಬೇಕಾದರೂ ಆಡಿಕೊಳ್ಳಬಹುದು, ವಾಪಸ್ ತಿರುಗಿದವನನ್ನು ಆಡಿಕೊಳ್ಳುವ ಹಾಗಿಲ್ಲ. ನಿಮ್ಮ ಗುಂಪನ್ನೂ ಇದರಿಂದಲೇ ಅಳೆಯಿರಿ. "ಹೇಗೆ ಬಿದ್ದೆ" ಅಂತ ನಗುವವರ ಜೊತೆ ಇರಬಹುದು. "ಧೈರ್ಯ ಇಲ್ಲ" ಅಂತ ನಗುವವರ ಹಿಂದೆ ಇಳಿಜಾರಿಗೆ ಇಳಿಯಬೇಡಿ. ಇನ್ನೊಂದು: ಹಳಬರು ತಮ್ಮದೇ ಕಥೆ ಎಷ್ಟು ಹೇಳಿಕೊಳ್ತಾರೆ ನೋಡಿ. ಹದಿನೈದು ವರ್ಷದಿಂದ ಓಡಿಸುತ್ತಿದ್ದೀನಿ, ಒಮ್ಮೆಯೂ ಬಿದ್ದಿಲ್ಲ ಅನ್ನುವವನು ಒಂದೋ ಸುಳ್ಳ, ಇಲ್ಲ ಟಾರು ರಸ್ತೆ ಬಿಟ್ಟು ಇಳಿದೇ ಇಲ್ಲ.

ತಿರುಗಿ ಏನು ಹೇಳೋದು ಅಂತಲೂ ಕೇಳಿದ್ದೀರಿ. ಸಮರ್ಥನೆ ಮಾತ್ರ ಕೊಡಬೇಡಿ. ಟೈರು ಸರಿಯಿರಲಿಲ್ಲ, ಬಿಸಿಲು ಕಣ್ಣಿಗೆ ಹೊಡೀತು ಅಂದರೆ ಇನ್ನೂ ಒಂದು ವರ್ಷ ಎಳೀತಾರೆ. ಎದೆಯುಬ್ಬಿಸಿ "ಬಿದ್ದರೂ ಮೀಸೆ ಮಣ್ಣಾಗಲಿಲ್ಲ" ಅನ್ನಿ, ಮೀಸೆ ಇಲ್ಲದಿದ್ದರೆ ಇನ್ನೂ ಚೆನ್ನಾಗಿ ನಡೆಯುತ್ತೆ. ಆಮೇಲೆ ಯಾರಾದರೂ ಒಬ್ಬರನ್ನು, "ನಿಮ್ಮದು ಮೊದಲ ಸಲ ಎಲ್ಲಿ ಬಿತ್ತು?" ಅಂತ ಕೇಳಿ ಸುಮ್ಮನೆ ಕೂತುಬಿಡಿ. ಅವತ್ತಿನ ಸಂಜೆ ನಿಮ್ಮ ಹೆಸರು ಮತ್ತೆ ಬರಲ್ಲ.

ಇನ್ನು ಆ ಲಿವರ್. ಅದು ಮುರಿಯದ ಹಾಗೆ ಒಂದು ಉಪಾಯ ಇದೆ. ಹ್ಯಾಂಡಲ್ ಬಾರಿಗೆ ಅದನ್ನು ಹಿಡಿದಿರುವ ಕ್ಲಾಂಪಿನ ಬೋಲ್ಟನ್ನು ಪೂರ್ತಿ ಬಿಗಿ ಮಾಡಬೇಡಿ. ಕೈಯಲ್ಲಿ ಜೋರಾಗಿ ತಿರುಗಿಸಿದರೆ ತಿರುಗುವಷ್ಟು ಬಿಡಿ. ಬಿದ್ದಾಗ ಮುರಿಯುವ ಬದಲು ತಿರುಗಿಕೊಳ್ಳುತ್ತೆ. ಆ ಹಿರಿಯರ ಬೈಕೂ ನಿಮ್ಮದೇ ಮಾಡೆಲ್ಲಾ ಅಂತ ನೀವು ಬರೆದಿಲ್ಲ. ಅಲ್ಲದಿದ್ದರೆ, ಅವರಿಗೆ ಉಪಯೋಗಕ್ಕೇ ಬಾರದ ಲಿವರನ್ನು ಯಾರಿಗಾಗಿ ಹೊತ್ತು ತಂದಿದ್ದರು ಅಂತ ಒಮ್ಮೆ ಯೋಚಿಸಿ. ಮುಂದಿನ ರೈಡಿಗೆ ಹೊರಡುವಾಗ ಎರಡು ಲಿವರ್ ತಗೊಳ್ಳಿ. ಒಂದು ಅವರ ಬ್ಯಾಗಿಗೆ ವಾಪಸ್ ಹೋಗಬೇಕು.