ಕೆಆರ್‌ಎಸ್ ಹಿನ್ನೀರಲ್ಲಿ ಓಡೋ ಬೋಟಿನ ಡ್ರೈವಲ್ಲಿ (ಎಂಜಿನ್ ಶಕ್ತೀನ ಪ್ರೊಪೆಲ್ಲರ್‌ಗೆ ಮುಟ್ಸೋ ಭಾಗ) ತುಕ್ಕು ಹಿಡಿದ ಬೋಲ್ಟ್ ಬದ್ಲು ಯಾವ ಸ್ಟೇನ್‌ಲೆಸ್ ಹಾಕೋದು?

ಕೆಆರ್‌ಎಸ್ ಹಿನ್ನೀರಲ್ಲಿ ಓಡೋ ಬೋಟ್ ಅಂದ್ರಲ್ಲ, ಅದು ಸಿಹಿನೀರು, 304 ಅನ್ನೋ ದರ್ಜೆ ಸ್ಟೇನ್‌ಲೆಸ್ ಸಾಕು ಕಣ್ರೀ, ಮಂಗಳೂರು ಕಡೆ ಉಪ್ಪುನೀರಿಗೂ ಇಳಿಸೋದಿದ್ರೆ 316 ತಗೊಳ್ಳಿ, ಅದ್ರಲ್ಲಿ ಮಾಲಿಬ್ಡಿನಮ್ ಅನ್ನೋ ಲೋಹ ಇರೋದ್ರಿಂದ ಉಪ್ಪಿಗೆ ಬೇಗ ಗುಳಿ ಬೀಳಲ್ಲ. ಬೋಲ್ಟ್ ತಲೆ ಮೇಲೆ ಎ2 ಅಂತಿದ್ರೆ 304 ಜಾತಿ, ಎ4 ಅಂತಿದ್ರೆ 316.

ಆದ್ರೆ ಹಳೇ ಬೋಲ್ಟ್ ಮೇಲೆ 8.8 ಅಥವಾ 10.9 ಅಂತ (ಉಕ್ಕಿನ ಬೋಲ್ಟಿನ ಬಲದ ದರ್ಜೆ) ಇದ್ರೆ ದಯವಿಟ್ಟು ಸ್ವಲ್ಪ ನಿಲ್ಲಿ, ಎ4-70 ಅಂತಿರೋ ಸ್ಟೇನ್‌ಲೆಸ್ ಬೋಲ್ಟ್ ಎಳೆತಕ್ಕೆ 700 ಮೆಗಾಪ್ಯಾಸ್ಕಲ್ (ಬಲದ ಅಳತೆ) ತಡೆಯತ್ತೆ, 8.8 ಆದ್ರೆ 800, ಹಂಗಾಗಿ ಭಾರ ಹೊರೋ ಜಾಗಕ್ಕೆ ಕಂಪನಿ ಹೇಳಿರೋ ಬೋಲ್ಟೇ ಹಾಕಿ, ಹೊಳಪು ನೋಡಿ ಮೋಸ ಹೋಗ್ಬೇಡಿ.

ಇನ್ನು ಡ್ರೈವ್ ಕೇಸಿಂಗ್ ಸಾಮಾನ್ಯವಾಗಿ ಅಲ್ಯೂಮಿನಿಯಂ, ಸ್ಟೇನ್‌ಲೆಸ್ ತಾಗಿ ನೀರೂ ಸೇರಿದ್ರೆ ಅಲ್ಯೂಮಿನಿಯಮ್ಮೇ ಸವೆದು ಹೋಗೋದು, ಅದಕ್ಕೆ ಥ್ರೆಡ್‌ಗೆ ಮೆರೈನ್ ಆ್ಯಂಟಿ-ಸೀಜ್ (ಥ್ರೆಡ್ ಕಚ್ಕೊಳ್ದಂಗೆ ತಡೆಯೋ ಪೇಸ್ಟು) ಹಚ್ಚಿ, ಕೈ ಸ್ಪ್ಯಾನರಲ್ಲೇ ನಿಧಾನಕ್ಕೆ ಬಿಗೀರಿ, ಜೋರಾಗಿ ತಿರುಗಿಸಿ ಸ್ಟೇನ್‌ಲೆಸ್ ನಟ್ಟು ಬೋಲ್ಟು ಉಜ್ಜಿ ಬಿಸಿಯಾದ್ರೆ ಅರ್ಧದಲ್ಲೇ ಕಚ್ಕೊಂಡ್ ಬಿಡತ್ತೆ.